ಹಸನು ಮಾಡಿದ ಮಣ್ಣು

ಗಾಲಿಗೆ ನೆಲವನ್ನು ಮುಟ್ಟಿ ತಿಳಿಯುವ ಬುದ್ಧಿ ಬಂದ ಮೇಲೆ ಮನುಷ್ಯನ ಕೈಯಿಂದ ಸ್ಟೇರಿಂಗ್ ಕಿತ್ತುಕೊಂಡರು. ಅದಕ್ಕಾಗಿ ಯಾರೂ ಬಹಳ ಅಳಲಿಲ್ಲ. ರಸ್ತೆಯಲ್ಲಿ ಸಾಯುವವರು ಕಡಿಮೆಯಾದರು, ಹಾರ್ನಿನ ಗದ್ದಲ ತಗ್ಗಿತು. ಹಿಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ಉಪದೇಶ ಮಾಡುತ್ತಿದ್ದ ಮಾವಂದಿರಿಗೆ ಮಾತ್ರ ಹೊತ್ತು ಹೋಗದಂತಾಯಿತು.

ಆ ಬುದ್ಧಿ ಹುಟ್ಟಿದ್ದು ಜರ್ಮನಿಯಲ್ಲಿ, ಬ್ರಾಂಟ್‌ಹೋಫ್ ಎಂಬ ಕಂಪನಿಯ ರೇಸ್ ಕಾರಿನೊಳಗೆ. ನಾಲ್ಕು ಗಾಲಿಗೆ ನಾಲ್ಕು ಮೋಟಾರು. ಟೈರಿನ ರಬ್ಬರಿನೊಳಗೆ ಹೆಣೆದ ಸಣ್ಣ ತಂತಿಗಳು ನೆಲದ ನಡುಕವನ್ನು ಕೇಳಿಸಿಕೊಂಡು, ಇಲ್ಲಿ ಇಷ್ಟು ಹಿಡಿತವಿದೆ, ಅಲ್ಲಿ ಅಷ್ಟಿಲ್ಲ ಎಂದು ಒಳಗಿನ ಕಂಪ್ಯೂಟರಿಗೆ ಹೇಳುತ್ತಿದ್ದವು. ಕಣ್ಣು ಮಿಟುಕಿಸುವುದರೊಳಗೆ ಜಾರುವ ಗಾಲಿಯ ಶಕ್ತಿ ತಗ್ಗಿ, ಗಟ್ಟಿ ನೆಲದ ಮೇಲಿರುವ ಗಾಲಿಗೆ ಹೋಗುತ್ತಿತ್ತು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಆ ಕಾರಿಗೆ ಒಂದು ಆಕಳಿಕೆಯಷ್ಟು ಹೊತ್ತು ಸಾಕು. ಮಂಜುಗಡ್ಡೆಯ ಮೇಲೂ ಅದು ದಾರಿ ಬಿಟ್ಟು ಕದಲುತ್ತಿರಲಿಲ್ಲ. ಕಂಪನಿಯ ಹೆಮ್ಮೆಯ ಮಾತು ಒಂದೇ: ನಮ್ಮ ಗಾಲಿ ಜಾರುವುದಿಲ್ಲ.

ಸರಕಾರಗಳು ಅದೇ ಬುದ್ಧಿಯನ್ನು ಕೊಂಡು ಬಸ್ಸಿಗೂ ಆಂಬುಲೆನ್ಸಿಗೂ ಹಾಕಿಸಿದವು. ಹಿಂದೆಯೇ ಕಾಯಿದೆ ಬಂತು. ಹಿಡಿತ ಸಾಲದ ರಸ್ತೆಗೆ ಗಾಡಿ ಇಳಿಯಕೂಡದು; ಕಂಟ್ರೋಲ್ ರೂಮಿನ ನಕ್ಷೆಯಲ್ಲಿ ಅಂಥ ರಸ್ತೆ ಕೆಂಪಾಗುತ್ತದೆ, ಕೆಂಪು ರಸ್ತೆಯ ಬಾಯಲ್ಲಿ ಗಾಡಿ ತಾನಾಗಿಯೇ ನಿಂತುಬಿಡುತ್ತದೆ. ಎರೆ ನೆಲದ ರಸ್ತೆಗಳು ಮಳೆಗಾಲ ಬಂತೆಂದರೆ ಸಾಲಾಗಿ ಕೆಂಪಾಗತೊಡಗಿದವು. ಆ ಕರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಮೇಲೆ ಎಷ್ಟು ಸಲ ಡಾಂಬರು ಹಾಕಿದರೂ ಅಷ್ಟೂ ಸಲ ಒಡೆದು ಹಾಕುತ್ತದೆ. ನರಗುಂದದ ಆಚೆ ಇರುವ ಸಿರಿಗುಣಕಿಯ ರಸ್ತೆ ಅಂಥದು. ನೀಲಗಂಗಾ ಹಳ್ಳಿಕೇರಿಯ ತವರೂರು ಅದೇ.

ನೀಲಗಂಗಾ ಧಾರವಾಡದ ಹೊರಗಿದ್ದ ಬ್ರಾಂಟ್‌ಹೋಫ್ ಪ್ರಯೋಗಾಲಯದಲ್ಲಿ ಎಂಜಿನಿಯರು. ಅವಳ ವಿಭಾಗಕ್ಕೆ ದೊಡ್ಡದೊಂದು ಇಂಗ್ಲಿಷ್ ಹೆಸರಿತ್ತು. ಜೊತೆಯವರು ಕರೆಯುತ್ತಿದ್ದುದು ಕೆಸರು ಖಾತೆ ಎಂದು. ಬೇರೆಯವರು ಹೆದ್ದಾರಿಯ ತಿರುವುಗಳನ್ನು ಇನ್ನಷ್ಟು ವೇಗವಾಗಿ ದಾಟುವ ಲೆಕ್ಕ ಹಾಕುತ್ತಿದ್ದಾಗ ಅವಳು ಮಣ್ಣು ಕಲಸುತ್ತ ಕೂತಿರುತ್ತಿದ್ದಳು. ನಗುವವರು ನಗಲಿ ಎಂದು ಬಿಟ್ಟಿದ್ದಳು. ಅವಳ ಅಣ್ಣ ಫಕ್ಕೀರಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ದಿನ ಬಿಟ್ಟು ದಿನ ಅವನು ಗದಗಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಒಣದಿನಗಳಲ್ಲಿ ಗಾಡಿ ಬಾಗಿಲಿಗೇ ಬರುತ್ತಿತ್ತು. ಹೋದ ಮಳೆಗಾಲದಲ್ಲಿ ರಸ್ತೆ ಕೆಂಪಾದಾಗ ಅವನನ್ನು ಹೊಲಗಳ ಮೇಲೆ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಹೊರಟಿದ್ದರು. ಟ್ರ್ಯಾಕ್ಟರೂ ಹೂತಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎದೆಯಲ್ಲಿ ನೀರು ತುಂಬಿ ಉಸಿರು ಕೊರಳಿಗೆ ಬಂದಿತ್ತು. ಹೇಗೋ ಉಳಿದ. ಆಮೇಲೆ ಮಳೆ ಮುಗಿಯುವವರೆಗೂ ಗದಗಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಅವನ ಹೆಂಡತಿ ಸಾವಕ್ಕ ಎಮ್ಮೆ, ಹೊಲ ಬಿಟ್ಟು ಹೋಗುವಂತಿರಲಿಲ್ಲ.

ಈ ವರ್ಷ ಅವನು ಖಂಡತುಂಡವಾಗಿ ಹೇಳಿಬಿಟ್ಟಿದ್ದ. "ಆ ಕ್ವಾಣ್ಯಾಗ ಗ್ವಾಡಿ ನೋಡ್ಕೋತ ಕುಂಡ್ರಾಕ ನನ್ನ ಕೈಲೆ ಆಗೂದಿಲ್ಲ ತಂಗಿ. ಇದ್ರೂ ಇಲ್ಲೇ, ಸತ್ರೂ ಇಲ್ಲೇ."

"ಸಾಯೂ ಮಾತ ಯಾಕಣ್ಣ? ಮಳಿಗಾಲದಾಗೂ ಗಾಡಿ ನಿನ್ನ ಬಾಗಲಕ್ಕ ಬರ್ತೈತಿ. ನಾ ತರ್ತೀನಿ" ಎಂದಿದ್ದಳು ನೀಲಗಂಗಾ.

ಆಡಿದ ಮಾತು ಆಡಿಯಾಗಿತ್ತು. ಅಣ್ಣ ಅದನ್ನು ಗಂಟು ಹಾಕಿಕೊಂಡು ಕೂತಿದ್ದ.

ಕೆಲಸ ಶುರುವಾದದ್ದು ಮಣ್ಣಿನಿಂದಲೇ. "ವೈನಿ, ರಸ್ತೆ ಬಾಜೂಕಿನ ನಮ್ಮ ಹೊಲದ ಮಣ್ಣು ಚೀಲದಾಗ ತುಂಬಿ ಕಳಸು, ಪರೀಕ್ಷಾಕ ಬೇಕಾಗೈತಿ" ಎಂದು ಅತ್ತಿಗೆ ಸಾವಕ್ಕನಿಗೆ ಫೋನು ಮಾಡಿದಳು. ಲಾರಿ ತುಂಬ ಚೀಲಗಳು ಬಂದವು. ಒಂದೊಂದರ ಬಾಯಿಯನ್ನೂ ಸಾವಕ್ಕ ದಬ್ಬಣದಿಂದ ನೀಟಾಗಿ ಹೊಲಿದಿದ್ದಳು. ಪ್ರಯೋಗಾಲಯದ ಹಿಂದಿನ ಉದ್ದನೆಯ ಗುಂಡಿಗೆ ಆ ಮಣ್ಣು ಸುರಿದು, ನೀರು ಬಿಟ್ಟು, ಕೆಸರು ಮಾಡಿ, ಅದರಲ್ಲಿ ಕಾರು ಓಡಿಸಿ ಓಡಿಸಿ ನೀಲಗಂಗಾ ಗಾಲಿಗಳಿಗೆ ಎರೆಮಣ್ಣಿನ ಪಾಠ ಹೇಳಿದಳು. ಎಲ್ಲಿ ಎಷ್ಟು ಎಳೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನಾಲ್ಕೂ ಮೋಟಾರುಗಳು ಕಲಿತವು. ಬೇಸಿಗೆ ಮುಗಿಯುವ ಹೊತ್ತಿಗೆ ಕಾರು ಮೊಣಕಾಲುದ್ದದ ಕೆಸರಿನಲ್ಲಿ ಸರಾಗವಾಗಿ ಹೋಗಿ ಬರುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥ ಯೋಖೆನ್ ಲಿಂಡ್ನರ್ ಗುಂಡಿಯ ದಂಡೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಅವನು ಹೊಗಳುವುದು ವರ್ಷಕ್ಕೊಮ್ಮೆ, ಅದೂ ಊಟ ಚೆನ್ನಾಗಿದ್ದರೆ. ನೀಲಗಂಗಾಳಿಗೆ ಆ ದಿನ ನೆಲ ಕಾಲಿಗೆ ತಾಗಲಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಕಾರನ್ನು ಸಿರಿಗುಣಕಿಯ ರಸ್ತೆಗೆ ಇಳಿಸಿದರು. ಒಳಗೆ ಯಾರೂ ಇರಲಿಲ್ಲ. ನೀಲಗಂಗಾ, ಲಿಂಡ್ನರ್ ಇಬ್ಬರೂ ದಂಡೆಗುಂಟ ನಡೆದರು. ಕಾರು ಹೊರಟಿತು, ನಿಧಾನವಾಯಿತು, ಇನ್ನಷ್ಟು ನಿಧಾನವಾಯಿತು. ಬನ್ನಿಗಿಡದ ತಿರುವಿನಲ್ಲಿ ನಿಂತೇಬಿಟ್ಟಿತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕರಿ ಮಣ್ಣು ಗಚ್ಚಿನಂತೆ ತುಂಬಿಕೊಂಡು ಗಾಲಿ ಯಾವುದು, ಕಾರು ಯಾವುದು ತಿಳಿಯದಂತಾಗಿತ್ತು. ಗಾಲಿ ಜಾರಬಹುದೆಂದು ಹೆದರಿದ ಕಂಪ್ಯೂಟರು ಮೋಟಾರಿನ ಶಕ್ತಿ ಇಳಿಸುತ್ತ ಹೋಗಿ, ಕೊನೆಗೆ ನಾಲ್ಕನ್ನೂ ಮಲಗಿಸಿಬಿಟ್ಟಿತ್ತು.

ಊರವರು ಛತ್ರಿ ಹಿಡಿದು ನೋಡಲು ಬಂದರು. "ಏನ್ ನೀಲವ್ವ, ಹಾರ್ತೈತಿ ಅಂದಿದ್ದಿ, ನಿನ್ನ ಗಾಡಿ ಕುಂತ ಬಿಟ್ಟತಲ್ಲ!" ಎಂದು ಒಬ್ಬ ಹಿರಿಯರು ನಕ್ಕರು. ಕೆಟ್ಟ ನಗುವಲ್ಲ, ಆದರೂ ಅದು ಅವಳಿಗೆ ಮುಳ್ಳಿನಂತೆ ನೆಟ್ಟಿತು. ಟ್ರ್ಯಾಕ್ಟರು ಬಂದು ಕಾರನ್ನು ಎಳೆದುಕೊಂಡು ಹೋಯಿತು.

ಲಿಂಡ್ನರ್ ಸುಳ್ಳು ಸಮಾಧಾನ ಹೇಳುವ ಮನುಷ್ಯನಲ್ಲ. "ತಿಂಗಳ ಕೊನೆಗೆ ಸರಕಾರದ ಸಭೆ ಇದೆ. ಅಷ್ಟರೊಳಗೆ ಇನ್ನೊಂದು ಪರೀಕ್ಷೆಗೆ ಅವಕಾಶ ಕೇಳಬಲ್ಲೆ. ಅದೂ ಹೋದರೆ ಎರೆ ಸೀಮೆಯ ರಸ್ತೆಗಳನ್ನು ಮಳೆಗಾಲಕ್ಕೆ ಕಾಯಂ ಆಗಿ ಮುಚ್ಚುತ್ತಾರೆ. ಆಮೇಲೆ ಯಾರೂ ಆ ಕಡತ ಬಿಚ್ಚುವುದಿಲ್ಲ" ಎಂದ. ಅವಳು ತಲೆಯಾಡಿಸಿದಳು. ಗುಂಡಿಯಲ್ಲಿ ಸಲೀಸಾಗಿ ನಡೆದ ಕಾರು ಅದೇ ಮಣ್ಣಿನ ರಸ್ತೆಯಲ್ಲಿ ಯಾಕೆ ಕೂತಿತು ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಬಗೆಹರಿಯದೆ ಊರು ಬಿಡುವುದಿಲ್ಲವೆಂದು ಅಣ್ಣನ ಮನೆಯಲ್ಲೇ ಉಳಿದಳು.

ಮರುದಿನ ಬೆಳಿಗ್ಗೆ ಬಿಸಿಲು ಬಂತು. ಸಾವಕ್ಕ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಸಾಣಿಗೆಯಿಂದ ಜರಡಿ ಹಿಡಿದು, ಮೊರದಲ್ಲಿ ಕೇರಿ, ಹರಳು ಆರಿಸಿ, ಒಂದು ಚೀಲಕ್ಕೆ ತುಂಬುತ್ತಿದ್ದಳು. ನೀಲಗಂಗಾ ಕಂಬಕ್ಕೊರಗಿ ಚಹಾ ಕುಡಿಯುತ್ತ, ಕಣ್ಣು ಅತ್ತ, ಮನಸ್ಸು ಇನ್ನೆತ್ತಲೋ ಇಟ್ಟುಕೊಂಡು ಕೂತಿದ್ದಳು.

"ಇಷ್ಟ್ಯಾಕ ಹಸನ ಮಾಡಾಕತ್ತಿ ವೈನಿ? ಹಿಟ್ಟಿನ ಗಿರಣಿಗೆ ಹೋಗೂದಲ್ಲನು?"

"ಗಿರಣಿಗಲ್ಲವಾ, ನಿನ್ನ ಆ ಜರ್ಮನಿ ಸಾಹೇಬಗ. ರೊಟ್ಟಿ ಅಂದ್ರ ಭಾಳ ಪ್ರೀತಿ ಅಂದಿದ್ದೆಲ್ಲ. ಮಂದಿ ಮನೀಗೆ ಕಳಸೂದು ಹಂಗ ಕಸಾಕಡ್ಡಿ ಕೂಡ ಕಳಸಾಕ ಬರ್ತೈತೇನ? ಆ ಮಣ್ಣು ಕಳಸಿದ್ನೆಲ್ಲ, ಅದನ್ನೂ ಹಿಂಗಽ ಹಸನ ಮಾಡಿ ಕಳಸಿದ್ದೆ."

ನೀಲಗಂಗಾಳ ಕೈಯಲ್ಲಿನ ಚಹಾ ಅಲ್ಲೇ ನಿಂತಿತು. "ಮಣ್ಣು ಹಸನ ಮಾಡಿದ್ಯಾ?"

"ಮತ್ತ! ಹೊಲದಾಗಿನ ಮಣ್ಣಂದ್ರ ಏನಿರಂಗಿಲ್ಲ? ಜ್ವಾಳದ ಕೂಳಿ, ಹತ್ತಿಕಟಗಿ ಚೂರು, ಹೊಟ್ಟು, ಆಡಿನ ಹಿಕ್ಕಿ... ಪರದೇಶದವರ ಮುಂದ ನಮ್ಮ ಹೊಲದ ಮಾನಾ ಕಳೀಲೇನು? ಆಳ ಹಚ್ಚಿ ಎಲ್ಲಾ ಸಾಣಸಿ, ಬೆಣ್ಣಿಯಂಥಾ ಮಣ್ಣು ಮಾಡಿ ತುಂಬಿಸಿದೆ. ಸೊಂಟ ಬಿದ್ದ ಹೋಗಿತ್ತು ನಂದು." ಸಾವಕ್ಕ ಹೆಮ್ಮೆಯಿಂದ ಹೇಳಿದಳು.

ನೀಲಗಂಗಾ ಎದ್ದು ನಿಂತಳು. ಎದುರಿಗೇ ಹಿತ್ತಲ ಗೋಡೆಯಿತ್ತು. ಹಳೆಯ ಮಣ್ಣಿನ ಗೋಡೆ. ಅದನ್ನು ಕಟ್ಟುವಾಗ ಅಪ್ಪ ಮಣ್ಣಿಗೆ ಹೊಟ್ಟು ಹಾಕಿ ತುಳಿಸಿದ್ದು, ತಾನೂ ಅಣ್ಣನೂ ಅದರಲ್ಲಿ ಕುಣಿದದ್ದು ಅವಳಿಗೆ ನೆನಪಿತ್ತು. ಹೊಟ್ಟಿಲ್ಲದ ಮಣ್ಣು ಒಣಗಿದರೆ ಬಿರಿಯುತ್ತದೆ, ಒದ್ದೆಯಾದರೆ ಹರಿಯುತ್ತದೆ. ಹೊಟ್ಟು ಬೆರೆತ ಮಣ್ಣು ಒಂದನ್ನೊಂದು ಹಿಡಿದು ಗೋಡೆಯಾಗುತ್ತದೆ. ಹೊಲದ ಕಸವೆಲ್ಲ ಬೆರೆತ ರಸ್ತೆಯಲ್ಲಿ ಕಾರಿನ ಗಾಲಿ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡಿತ್ತು! ಪ್ರಯೋಗಾಲಯದಲ್ಲಿ ಅವಳು ಬೇಸಿಗೆಯೆಲ್ಲ ಕಾರಿಗೆ ಪಾಠ ಹೇಳಿದ್ದು ಬೆಣ್ಣೆಯಲ್ಲಿ.

ಅವಳಿಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ. ಇದೇ ಮನೆಯಲ್ಲಿ ಬೆಳೆದವಳು ತಾನು. ವೈನಿ ಹೊರಗೆ ಕಳಿಸುವ ಯಾವುದನ್ನೂ ಹಸನು ಮಾಡದೆ ಕಳಿಸಿದವಳಲ್ಲ ಎಂಬುದು ತನಗೆ ತಿಳಿಯದ್ದೇ? ಇದ್ದದ್ದನ್ನು ಇದ್ದ ಹಾಗೆ ಕಳಿಸು ಎಂದು ಒಂದು ಮಾತು ಹೇಳಬಾರದಿತ್ತೇ?

ವಿಷಯ ತಿಳಿದ ಸಾವಕ್ಕನ ಮುಖ ಬಿಳಚಿಕೊಂಡಿತು. ಮೊರ ಕೆಳಗಿಟ್ಟಳು. ಒಳಗೆ ಮಲಗಿದ್ದ ಗಂಡನ ಕಡೆ ನೋಡಿ ದನಿ ತಗ್ಗಿಸಿ, "ಅಂದ್ರ ಇವರ ರಸ್ತೆ ನಾನಽ ಮುಚ್ಚಿದ್ನೇನ ನೀಲವ್ವ?" ಎಂದಳು.

"ಮುಚ್ಚಿಲ್ಲ ಬಿಡು. ಎಲ್ಲಿ ಮುಚ್ಚೇತಿ ಅನ್ನೂದು ತೋರಿಸಿದಿ" ಎಂದಳು ನೀಲಗಂಗಾ. ಆ ಮಾತು ನಿಜವೂ ಆಗಿತ್ತು. ಅಂದೇ ಮಧ್ಯಾಹ್ನ ಹೊಲದ ಮಣ್ಣನ್ನು ಕೂಳೆ, ಹೊಟ್ಟು, ಹಿಕ್ಕೆ ಸಮೇತ ಲಾರಿಗೆ ತುಂಬಿಸಿದಳು. ಸಾವಕ್ಕ ಸನಿಕೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಧಾರವಾಡದ ಗುಂಡಿಯಲ್ಲಿ ಈ ಸಲ ಕಾರು ರಸ್ತೆಯಲ್ಲಿ ಕೂತಂತೆಯೇ ಕೂತಿತು. ನೀಲಗಂಗಾಳಿಗೆ ಅಷ್ಟು ಸಂತೋಷ ಕಾರು ಓಡಿದಾಗಲೂ ಆಗಿರಲಿಲ್ಲ. ರೋಗ ಸಿಕ್ಕಿತು, ಇನ್ನು ಮದ್ದು. ಮದ್ದು ಏನೆಂದು ಅವಳಿಗೆ ಕೂಡಲೇ ಹೊಳೆಯಿತು. ಲಿಂಡ್ನರನ ಮುಂದೆ ಅದನ್ನು ಬಾಯಿ ಬಿಟ್ಟು ಹೇಳುವುದೇ ಕಷ್ಟದ ಕೆಲಸವಾಗಿತ್ತು.

"ಗಾಲಿ ಜಾರಬೇಕು ಸರ್. ಬೇಕೆಂದೇ ಜಾರಿಸಬೇಕು."

ಲಿಂಡ್ನರ್ ಕನ್ನಡಕ ತೆಗೆದ. ಸಿಟ್ಟು ಬಂದಾಗ ಅವನು ಹಾಗೆ ಮಾಡುತ್ತಿದ್ದ. "ಗಾಲಿ ಜಾರದಂತೆ ಮಾಡುವುದಕ್ಕೆ ನಾನು ನನ್ನ ಇಡೀ ಆಯುಷ್ಯ ಕಳೆದಿದ್ದೇನೆ."

"ಗೊತ್ತು. ಒಂದು ಸಲಕ್ಕೆ ಒಂದೇ ಗಾಲಿ, ಅದೂ ಎತ್ತಿನ ಗಾಡಿಯಷ್ಟು ನಿಧಾನ ಹೋಗುತ್ತಿರುವಾಗ. ಮೂರು ಗಾಲಿ ಎಳೆಯುತ್ತಿರಲಿ, ನಾಲ್ಕನೆಯದು ಎಳೆಯುವುದನ್ನು ಬಿಟ್ಟು ಗರ್ರನೆ ತಿರುಗಿ ಮೈ ಕೊಡವಿಕೊಳ್ಳಲಿ, ಕೆರೆಯಿಂದ ಎದ್ದ ಎಮ್ಮೆಯ ಹಾಗೆ. ಮಣ್ಣು ಗೋಡೆಯಾಗುವ ಮೊದಲೇ ಹಾರಿಹೋಗಬೇಕು. ಬೇರೆ ಯಾವ ಗಾಡಿಯ ಮೋಟಾರಿಗೂ ಅಷ್ಟು ಚುರುಕಿಲ್ಲ. ನಿಮ್ಮ ರೇಸ್ ಕಾರಿನ ಮೋಟಾರಿಗಿದೆ. ಆ ಆಕಳಿಕೆಯಷ್ಟು ಹೊತ್ತಿನ ಶಕ್ತಿ ಇಲ್ಲಿ ಬೇಕು ಸರ್."

"ಜಾರುವಿಕೆಯ ಮಿತಿಗೆ ಕಂಪನಿಯ ಬೀಗವಿದೆ. ಅದನ್ನು ತೆಗೆದು ಕಾರು ಹಳ್ಳಕ್ಕೆ ಬಿದ್ದರೆ?"

"ಮೊದಲ ದಿನ ಒಳಗೆ ನಾನು ಕೂತಿರುತ್ತೇನೆ."

ಲಿಂಡ್ನರ್ ಗುಂಡಿಯಲ್ಲಿ ಕೂತ ಕಾರನ್ನು ಹತ್ತಿರದಿಂದ ನೋಡಲು ಇಳಿದ. ಎರಡು ಹೆಜ್ಜೆ ಇಡುವುದರೊಳಗೆ ಎಡಗಾಲಿನ ಬೂಟು ಕೆಸರಿನಲ್ಲಿ ಉಳಿದು ಕಾಲು ಮಾತ್ರ ಮೇಲೆ ಬಂತು. ಮುಂಗೈಯಷ್ಟು ದಪ್ಪದ ಮಣ್ಣು ಹತ್ತಿದ್ದ ಆ ಬೂಟನ್ನು ಆಮೇಲೆ ಯಾರೋ ಕಿತ್ತು ತಂದರು. ಅದು ಅವನ ಕಿಟಕಿಯ ಮೇಲೆ ಒಣಗಿತು. ಚಾಕುವಿನಿಂದ ಕೆರೆದ, ಬರಲಿಲ್ಲ. ಸುತ್ತಿಗೆಯಿಂದ ಹೊಡೆದ, ಬೂಟಿನ ಹಿಮ್ಮಡಿ ಮುರಿಯಿತು, ಮಣ್ಣು ಮುರಿಯಲಿಲ್ಲ. ಲಿಂಡ್ನರ್ ಆ ಬೂಟನ್ನು ಮುಂದಿಟ್ಟುಕೊಂಡು ನೀಲಗಂಗಾಳನ್ನು ಕರೆದು, "ಬೀಗ ತೆಗೆಯುತ್ತೇನೆ. ಆದರೆ ಕಾರಿನೊಳಗೊಂದು ಕೆಂಪು ಗುಂಡಿ ಇರುತ್ತದೆ. ಹೆದರಿಕೆಯಾದರೆ ಒತ್ತು, ಎಲ್ಲ ನಿಲ್ಲುತ್ತದೆ. ಒತ್ತಿದರೆ ಪರೀಕ್ಷೆಯೂ ಮುಗಿಯಿತು" ಎಂದ.

ಆಮೇಲಿನ ದಿನಗಳಲ್ಲಿ ಅವಳು ಪ್ರಯೋಗಾಲಯವನ್ನೇ ಮನೆ ಮಾಡಿಕೊಂಡಳು. ಗಾಲಿ ಕೊಡವಿಕೊಳ್ಳುವುದನ್ನು ಕಲಿಯಿತು. ಮುಂದಕ್ಕೆ ಕೊಡವಲು ಆಗದಿದ್ದರೆ ತಾನು ಬಂದ ಜಾಡಿನಲ್ಲೇ ಒಂದು ಮೊಳ ಹಿಂದೆ ಸರಿದು ಕೊಡವುವುದನ್ನೂ ಕಲಿಯಿತು. ಪ್ರಯೋಗಾಲಯದ ಗೋಡೆಗಳಿಗೆಲ್ಲ ಎರೆಮಣ್ಣಿನ ಮುದ್ದೆಗಳು ಅಂಟಿದವು. ಹೆದ್ದಾರಿ ವಿಭಾಗದವರು ಬಿಳಿ ಅಂಗಿ ಹಾಕಿಕೊಂಡು ಆ ಕಡೆ ಸುಳಿಯುವುದನ್ನು ಬಿಟ್ಟರು.

ಎರಡನೆಯ ಪರೀಕ್ಷೆಗೆ ಗೊತ್ತಾದ ದಿನ ಫಕ್ಕೀರಪ್ಪನ ಡಯಾಲಿಸಿಸ್ ದಿನವೂ ಆಗಿತ್ತು. ಹಿಂದಿನ ದಿನವೇ ಮೋಡ ಕಟ್ಟಿತ್ತು. ಒಣಗಿರುವಾಗಲೇ ಗದಗಿಗೆ ಹೋಗಿಬಿಡು ಎಂದು ನೀಲಗಂಗಾ ಫೋನಿನಲ್ಲಿ ಗೋಗರೆದಳು. ಅವನು ಒಪ್ಪಲಿಲ್ಲ. "ಗಾಡಿ ಬಾಗಲಕ್ಕ ಬರ್ತೈತಿ ಅಂದಾಕಿ ನೀನು. ಬರಲಿ, ಕುಂತಿರ್ತೀನಿ" ಎಂದ. ಸಂಜೆಯಿಂದ ಮಳೆ ಹಿಡಿಯಿತು.

ಬೆಳಿಗ್ಗೆ ಹೆದ್ದಾರಿಯಿಂದ ಸಿರಿಗುಣಕಿಯ ರಸ್ತೆಗೆ ಕಾರು ಇಳಿದಾಗ ಒಳಗೆ ನೀಲಗಂಗಾ ಒಬ್ಬಳೇ. ಅವಳಿಗೆ ಹೆದರಿಕೆಯಾಗಿತ್ತು. ಕಾರು ಕೂತರೆ ಅಣ್ಣನ ಕಥೆ ಏನು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಎಡಗಾಲಿ ಕೊಡವಿತು, ಬಲಗಾಲಿ ಕೊಡವಿತು, ಹಿಂದಿನವು ಕೊಡವಿದವು. ಮಣ್ಣಿನ ಹೆಂಟೆಗಳು ಎರಡೂ ಬದಿಯ ಹೊಲಗಳಿಗೆ ಹಾರಿ ಬಿದ್ದವು. ಕಾರು ಕುಲುಕುತ್ತ, ಓಲಾಡುತ್ತ ಊರು ಹೊಕ್ಕು, ಅಣ್ಣನ ಮನೆಯ ಮುಂದೆ ನಿಂತಿತು. ಫಕ್ಕೀರಪ್ಪ ಮಡಿಲಲ್ಲಿ ಚೀಲ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೇ ಇದ್ದ. ಮುಖ ಊದಿತ್ತು, ಉಸಿರು ಸಣ್ಣಗೆ ಎಳೆಯುತ್ತಿತ್ತು. "ತಡಾ ಆತು" ಎಂದಷ್ಟೇ ಹೇಳಿ ಹತ್ತಿದ. ಸಾವಕ್ಕ ಬಾಗಿಲಲ್ಲಿ ನಿಂತು ನೋಡಿದಳು.

ತಿರುಗಿ ಹೋಗುವಾಗ ಮಳೆ ಜೋರಾಯಿತು. ಬನ್ನಿಗಿಡದ ತಿರುವಿನಲ್ಲಿ ಮುಂದಿನ ಎರಡೂ ಗಾಲಿ ಒಟ್ಟಿಗೆ ತುಂಬಿಕೊಂಡವು. ಕಾರು ನಿಂತಿತು.

"ಯಾಕ ನಿಂತತ?" ಎಂದ ಫಕ್ಕೀರಪ್ಪ.

"ವಿಚಾರ ಮಾಡಾಕತ್ತೈತಿ."

ಕಂಟ್ರೋಲ್ ರೂಮಿನಿಂದ ಲಿಂಡ್ನರನ ದನಿ ಬಂತು. "ನೀಲಾ, ಎರಡು ಗಾಲಿ ಸತ್ತಿವೆ, ನನಗಿಲ್ಲಿ ಕಾಣುತ್ತಿದೆ. ಒಳಗೆ ರೋಗಿ ಇದ್ದಾರೆ. ಗುಂಡಿ ಒತ್ತು, ಟ್ರ್ಯಾಕ್ಟರು ಕಳಿಸುತ್ತೇನೆ."

ಅವಳ ಬೆರಳು ಕೆಂಪು ಗುಂಡಿಯ ಮೇಲಿತ್ತು. ಹೋದ ವರ್ಷದ ಟ್ರ್ಯಾಕ್ಟರು ಕಣ್ಣ ಮುಂದೆ ಬಂತು. ಕೆಳಗಿನಿಂದ ಮೋಟಾರಿನ ಸಣ್ಣ ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಗಾಲಿ ಸತ್ತಿರಲಿಲ್ಲ. ಅತ್ತ ಇತ್ತ ತಡಕಾಡುತ್ತ ದಾರಿ ಹುಡುಕುತ್ತಿತ್ತು. ತಾನು ಕಲಿಸಿದ ಗಾಲಿ ಅದು; ಈ ಸಲ ಕಲಿಸಿದ್ದು ಕಸ, ಕೂಳೆ, ಹಿಕ್ಕೆ ಎಲ್ಲ ಇದ್ದ ನಿಜವಾದ ಮಣ್ಣಿನಲ್ಲಿ. "ಇನ್ನೊಂದು ಚೂರು ತಡೆಯಿರಿ ಸರ್" ಎಂದಳು. ಗುಂಡಿಯ ಮೇಲಿದ್ದ ಕೈಯನ್ನು ತೆಗೆದು ತನ್ನ ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತಳು.

ಕಾರು ಒಂದು ಮೊಳ ಹಿಂದೆ ಸರಿಯಿತು. ಸ್ವಲ್ಪ ತಡೆಯಿತು. ಎಡಗಾಲಿ ಸಿಡಿಲಿನಂಥ ಸದ್ದು ಮಾಡಿ ತಿರುಗಿ, ಮಣ್ಣಿನ ಗೋಡೆಯನ್ನೇ ಕಿತ್ತು ಬನ್ನಿಗಿಡಕ್ಕೆ ಎಸೆಯಿತು. ಅದರ ಹಿಂದೆಯೇ ಬಲಗಾಲಿ. ಗಾಜಿನ ಮೇಲೆ ಬಿದ್ದ ಹೆಂಟೆಯಲ್ಲಿ ಜೋಳದ ಕೂಳೆಯೊಂದು ಬೇರು ಸಮೇತ ಅಂಟಿಕೊಂಡಿತ್ತು. ಕಾರು ಮುಂದಕ್ಕೆ ಹೊರಟಿತು.

"ನೋಡವಾ, ನಮ್ಮ ಹೊಲಾನೂ ಗದಗಕ್ಕ ಬರಾಕತ್ತೈತಿ" ಎಂದು ಫಕ್ಕೀರಪ್ಪ ಆ ಕೂಳೆಯ ಕಡೆ ಬೆರಳು ತೋರಿಸಿದ. ನೀಲಗಂಗಾಳಿಗೆ ಅಳು ತಡೆಯಲಾಗಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಲಿಂಡ್ನರ್ ಜರ್ಮನ್ ಭಾಷೆಯಲ್ಲಿ ಏನೇನೋ ಕೂಗುತ್ತಿದ್ದ. ಬೈಗುಳವೋ ಹೊಗಳಿಕೆಯೋ ಯಾರಿಗೂ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಶುದ್ಧವಾಗಿ, ಮುಖದ ಊತ ಇಳಿದು, ಫಕ್ಕೀರಪ್ಪ ಅದೇ ಕಾರಿನಲ್ಲಿ, ಅದೇ ಮಳೆಯಲ್ಲಿ, ಅದೇ ರಸ್ತೆಯ ಮೇಲೆ ಸಂಜೆಗೆ ಮನೆಗೆ ಬಂದ. ಕಂಟ್ರೋಲ್ ರೂಮಿನ ನಕ್ಷೆಯಲ್ಲಿ ಸಿರಿಗುಣಕಿಯ ರಸ್ತೆ ಆಗಲೇ ಹಸಿರಾಗಿತ್ತು. ಕಾರನ್ನು ನೋಡಲು ಓಣಿಯೇ ಸೇರಿತು. ಅಂದು ನಕ್ಕಿದ್ದ ಹಿರಿಯರು ಬಾನೆಟ್ಟಿನ ಮೇಲೆ ಕೈಯಿಟ್ಟು, ಒಳ್ಳೆಯ ಎತ್ತನ್ನು ಸವರುವಂತೆ ಸವರಿದರು.

ಸಾವಕ್ಕ ತಂಬಿಗೆಯಲ್ಲಿ ನೀರು ತಂದು, "ಕಾಲ ತೊಳಕೊಂಡ ಒಳಗ ಬರ್ರಿ, ರೊಟ್ಟಿ ಆರ್ತಾವು" ಎಂದು ಗಂಡನಿಗೆ ಹೇಳಿದಳು. ಹೋದ ಮಳೆಗಾಲದುದ್ದಕ್ಕೂ ಅವಳಿಗೆ ಆ ಮಾತು ಆಡುವ ಪ್ರಸಂಗವೇ ಬಂದಿರಲಿಲ್ಲ. ಅವನು ಒಳಗೆ ಹೋದ ಮೇಲೆ ಒಂದು ಕೊಡ ನೀರು, ಒಂದು ಕಸಬರಿಗೆ ತಂದು ಕಾರಿನ ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಕಸಬರಿಗೆ ಎತ್ತಿದ ಕೈ ಅಲ್ಲೇ ನಿಂತಿತು. ನೀಲಗಂಗಾಳ ಕಡೆ ತಿರುಗಿದಳು.

"ತೊಳೀಲ್ಯೋ ಬ್ಯಾಡೋ ನೀಲವ್ವ? ಈ ಸಲ ಕೇಳೇ ಮಾಡ್ತೀನಿ."

"ತೊಳಿ ವೈನಿ" ಎಂದಳು ನೀಲಗಂಗಾ, ತಾನೂ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂರುತ್ತ. "ನಾಡಿದ್ದ ಮತ್ತ ಹೋಗೂದೈತಿ."